ದಾಖಲಾತಿ ವಹಿಯಲ್ಲಿದ್ದ ನನ್ನ 21 ವರ್ಷ

ಕೊಡಗಿನ ಒಂದು ಖಾಸಗಿ ಅನುದಾನರಹಿತ ಪ್ರೌಢಶಾಲೆಯ ಕಚೇರಿಗೆ ನಾನು ಗುಮಾಸ್ತೆಯಾಗಿ ಸೇರಿದ್ದು 2001ರ ಅಕ್ಟೋಬರಿನಲ್ಲಿ. ನಿವೃತ್ತಳಾದದ್ದು 2022ರ ಮೇ 31ರಂದು. ಕೊನೆಯ ತಿಂಗಳ ಸಂಬಳ 13,000 ರೂಪಾಯಿ. ಬೀಳ್ಕೊಡುಗೆಯಾದ ಮರುವಾರ ಆಡಳಿತ ಮಂಡಳಿಯವರು ಕರೆಸಿ 27,000 ರೂಪಾಯಿಯ ಒಂದು ಚೆಕ್ಕನ್ನೂ ಬೆರಳಚ್ಚು ಮಾಡಿದ ಒಂದು ಹಾಳೆಯನ್ನೂ ನನ್ನ ಮುಂದಿಟ್ಟರು. ಗ್ರಾಚ್ಯುಟಿ (ದೀರ್ಘ ಸೇವೆಗಾಗಿ ಉದ್ಯೋಗದಾತರು ಕೊನೆಯಲ್ಲಿ ಕೊಡಬೇಕಾದ ಇಡಿಗಂಟು) ಸೇರಿದಂತೆ ಬರಬೇಕಾದ ಎಲ್ಲ ಬಾಕಿಯನ್ನೂ ಪಡೆದಿದ್ದೇನೆ, ಮುಂದೆ ಯಾವ ತಕರಾರೂ ಇರುವುದಿಲ್ಲ ಎಂದು ನಾನು ಬರೆದುಕೊಟ್ಟಂತೆ ಆ ಹಾಳೆಯಲ್ಲಿತ್ತು. ‘ಕಾನೂನು ನಮಗೆ ಅನ್ವಯಿಸುವುದಿಲ್ಲ, ಆದರೂ ಮಾನವೀಯತೆಯಿಂದ ಕೊಡುತ್ತಿದ್ದೇವೆ’ ಎಂದರು. ನಾನು ಸಹಿ ಹಾಕಲಿಲ್ಲ, ಚೆಕ್ಕನ್ನು ಮುಟ್ಟಲಿಲ್ಲ. ಲೆಕ್ಕದ ವಿವರ ಕೊಡಿ ಎಂದಷ್ಟೇ ಕೇಳಿ ಎದ್ದು ಬಂದೆ.

ಶಾಲೆಯ ಗುಮಾಸ್ತರು ಏನು ಮಾಡುತ್ತಾರೆ ಎಂಬುದು ಮಕ್ಕಳನ್ನು ಶಾಲೆಗೆ ಕಳಿಸುವ ಪೋಷಕರಿಗೂ ಸರಿಯಾಗಿ ಗೊತ್ತಿಲ್ಲ. ಶುಲ್ಕ ಕಟ್ಟಿಸಿಕೊಂಡು ರಶೀದಿ ಹರಿಯುವವರು ಎಂದುಕೊಂಡಿರುತ್ತಾರೆ. ಮಗುವಿನ ಹೆಸರು, ಹುಟ್ಟಿದ ದಿನಾಂಕ, ಜಾತಿ ಪ್ರಮಾಣಪತ್ರದ ಸಂಖ್ಯೆ, ಆಧಾರ್ ಎಲ್ಲವನ್ನೂ ಅಕ್ಷರ ತಪ್ಪದಂತೆ ದಾಖಲಾತಿ ವಹಿಗೆ ಏರಿಸುವುದು, ಅದನ್ನೇ ಮತ್ತೆ ಸ್ಯಾಟ್ಸ್‌ ಎಂಬ ವಿದ್ಯಾರ್ಥಿ ಮಾಹಿತಿಯ ಸರ್ಕಾರಿ ತಂತ್ರಾಂಶಕ್ಕೆ ಹಾಕುವುದು, ಶಾಲೆಯ ಅಂಕಿಅಂಶಗಳನ್ನು ಸರ್ಕಾರಕ್ಕೆ ಕೊಡುವ ಯು-ಡೈಸ್ ನಮೂನೆ ತುಂಬುವುದು, ಹತ್ತನೆಯ ತರಗತಿಯ ನಾಮಾವಳಿಯನ್ನು ಪರೀಕ್ಷಾ ಮಂಡಳಿಗೆ ಕಳಿಸುವುದು, ವಿದ್ಯಾರ್ಥಿವೇತನದ ಅರ್ಜಿ, ವರ್ಗಾವಣೆ ಪತ್ರ, ಆರ್‌ಟಿಇ ಮಕ್ಕಳ ಶುಲ್ಕ ಮರುಪಾವತಿಯ ಲೆಕ್ಕ, ಎಲ್ಲ ಶಿಕ್ಷಕರ ಸಂಬಳದ ಬಟವಾಡೆ ಪಟ್ಟಿ. ಮಳೆಗಾಲದಲ್ಲಿ ಜಿಲ್ಲಾಧಿಕಾರಿಗಳು ರಜೆ ಘೋಷಿಸಿದ ದಿನವೂ ಕಚೇರಿ ತೆರೆದಿರಬೇಕು. ಹೆಸರಿನಲ್ಲಿ ಒಂದಕ್ಷರ ತಪ್ಪಿದರೆ ಆ ಹುಡುಗ ಹತ್ತು ವರ್ಷದ ನಂತರ ಪಾಸ್‌ಪೋರ್ಟ್‌ಗೆ ಅಲೆಯಬೇಕಾಗುತ್ತದೆ. ಇದು ಕೌಶಲದ ಕೆಲಸ. ಇದೇ ಕೆಲಸ ಮಾಡುವ ಸರ್ಕಾರಿ ದ್ವಿತೀಯ ದರ್ಜೆ ಸಹಾಯಕರ ಮೂಲ ವೇತನ 2018ರ ಪರಿಷ್ಕರಣೆಯಲ್ಲಿ 21,400ರಿಂದ ಆರಂಭವಾಗುತ್ತಿತ್ತು. ತುಟ್ಟಿಭತ್ಯೆ, ಮನೆ ಬಾಡಿಗೆ ಭತ್ಯೆ ಅದರ ಮೇಲೆ. ನಾನು 20 ವರ್ಷ ದುಡಿದ ಮೇಲೂ 13,000ದಲ್ಲಿದ್ದೆ. ಅದನ್ನು ಪ್ರತಿ ವರ್ಷ ಕೇಳಿದ್ದೇನೆ, ಪ್ರತಿ ವರ್ಷ ‘ಮುಂದಿನ ಜೂನ್‌ನಲ್ಲಿ ನೋಡೋಣ’ ಎಂಬ ಉತ್ತರ ಪಡೆದಿದ್ದೇನೆ.

ಲೆಕ್ಕದ ವಿವರ ಕೈಗೆ ಬಂದಾಗ ನನಗೆ ನಿಜಕ್ಕೂ ಸಿಟ್ಟು ಬಂತು. ಅದರಲ್ಲಿ ಎರಡು ಕಡೆ ಕತ್ತರಿ ಆಡಿಸಿದ್ದರು. ಮೊದಲನೆಯದು ಸಂಬಳಕ್ಕೆ. ನನ್ನ 13,000ವನ್ನು 5,200 ಮೂಲ ವೇತನ, 7,800 ವಿಶೇಷ ಭತ್ಯೆ ಎಂದು ಒಡೆದಿದ್ದರು. ಎರಡನೆಯದು ಸೇವಾವಧಿಗೆ. 2013ರಲ್ಲಿ ಆಡಳಿತ ಮಂಡಳಿ ಪುನರ್‌ರಚನೆಯಾಗಿ ಎಲ್ಲರಿಗೂ ಹೊಸ ನೇಮಕಾತಿ ಪತ್ರ ಕೊಟ್ಟಿದ್ದರು. ಸೇವೆಯನ್ನು ಅಲ್ಲಿಂದ ಎಣಿಸಿ ಒಂಬತ್ತು ವರ್ಷ ಎಂದು ಬರೆದಿದ್ದರು. ಅದಕ್ಕೂ ಹಿಂದಿನ ವರ್ಷಗಳಲ್ಲಿ ಜೂನ್‌ನಿಂದ ಮಾರ್ಚ್‌ವರೆಗೆ ಮಾತ್ರ ನೇಮಕ, ಪ್ರತಿ ಬೇಸಿಗೆಯಲ್ಲೂ ಸೇವೆ ಕಡಿದಿದೆ, ಆದ್ದರಿಂದ ಅದು ಲೆಕ್ಕಕ್ಕಿಲ್ಲ ಎಂಬುದು ಅವರ ವಾದ.

ಗ್ರಾಚ್ಯುಟಿಯ ಸೂತ್ರ ಸರಳ. ಕೊನೆಯ ತಿಂಗಳ ವೇತನವನ್ನು 26ರಿಂದ ಭಾಗಿಸಿ 15ರಿಂದ ಗುಣಿಸಬೇಕು, ಅದನ್ನು ಸೇವೆಯ ವರ್ಷಗಳಿಂದ ಗುಣಿಸಬೇಕು. ಆರು ತಿಂಗಳಿಗಿಂತ ಹೆಚ್ಚಿನ ಉಳಿಕೆ ಅವಧಿ ಪೂರ್ತಿ ವರ್ಷವಾಗುತ್ತದೆ. ನನ್ನದು 20 ವರ್ಷ ಎಂಟು ತಿಂಗಳು, ಅಂದರೆ 21. ಹೀಗೆ 13,000ಕ್ಕೆ ವರ್ಷಕ್ಕೆ 7,500ರಂತೆ 1,57,500 ರೂಪಾಯಿ. ಅವರ ಲೆಕ್ಕದಲ್ಲಿ 5,200ಕ್ಕೆ ವರ್ಷಕ್ಕೆ 3,000ದಂತೆ ಒಂಬತ್ತು ವರ್ಷಕ್ಕೆ 27,000. ಒಂದೇ ಕುರ್ಚಿಯಲ್ಲಿ ಕೂತು ಮಾಡಿದ ಒಂದೇ ಕೆಲಸಕ್ಕೆ ಇಷ್ಟು ಅಂತರದ ಎರಡು ಬೆಲೆ.

ಗ್ರಾಚ್ಯುಟಿ ಎಂದರೇನೆಂದು ನನಗೆ ಹೊಸದಾಗಿ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನನ್ನ ತಂದೆ ಸುಂಟಿಕೊಪ್ಪದ ಕಡೆಯ ಕಾಫಿ ತೋಟವೊಂದರಲ್ಲಿ ರೈಟರ್ ಆಗಿದ್ದರು. ಚೆಕ್‌ರೋಲ್ ಎಂಬ ಕಾರ್ಮಿಕರ ಹಾಜರಿ ಪಟ್ಟಿ ಬರೆಯುವುದು, ವಾರದ ಬಟವಾಡೆ ಮಾಡುವುದು ಅವರ ಕೆಲಸ. ನಿವೃತ್ತಿಯಾದಾಗ ತೋಟದ ಕಚೇರಿಯಿಂದ ಗ್ರಾಚ್ಯುಟಿ ಬಂತು. ಆ ಹಣದಲ್ಲಿ ನನ್ನ ತಂಗಿಯ ಮದುವೆಯಾಯಿತು. 1972ರ ಉಪದಾನ (ಗ್ರಾಚ್ಯುಟಿ) ಪಾವತಿ ಕಾಯ್ದೆಯು ಕಾರ್ಖಾನೆ, ಗಣಿ, ಬಂದರುಗಳ ಜೊತೆಗೆ ತೋಟಗಳನ್ನೂ ಹೆಸರಿಸಿಯೇ ಹೇಳುತ್ತಿತ್ತು. ಆದ್ದರಿಂದ ಕೊಡಗಿನ ತೋಟ ಕಾರ್ಮಿಕರ ಲೈನ್ ಮನೆಗಳಲ್ಲಿ ಇದು ಪರಿಚಿತ ಹಕ್ಕು. ಓದು ಕಲಿಸುವ ಶಾಲೆಗಳಲ್ಲಿ ಮಾತ್ರ ಅದನ್ನು ದಾನವೆಂಬಂತೆ ಕೊಡಲು ಬರುತ್ತಾರೆ.

ಜೂನ್‌ನಲ್ಲಿ ‘ಐ’ ನಮೂನೆಯ ಅರ್ಜಿ ತುಂಬಿದೆ. ಉದ್ಯೋಗದಾತರಿಗೆ ಕೊಡುವ ಅರ್ಜಿ ಅದು. ನಿವೃತ್ತಿಯಾದ 30 ದಿನಗಳೊಳಗೆ ಕೊಡುವುದು ಆಗಿನ ಕ್ರಮ. ಅರ್ಜಿ ಕೊಡಲಿ, ಬಿಡಲಿ, ಮೊತ್ತವನ್ನು ಲೆಕ್ಕ ಹಾಕಿ 30 ದಿನಗಳೊಳಗೆ ಪಾವತಿಸುವ ಹೊಣೆ ಉದ್ಯೋಗದಾತರದ್ದೇ ಎಂದು ಕಾಯ್ದೆಯಲ್ಲಿತ್ತು. ಆದರೂ ಅರ್ಜಿ ಕೊಟ್ಟಿರುವುದು ಒಳ್ಳೆಯದು, ಏಕೆಂದರೆ ದಿನಾಂಕಕ್ಕೆ ಅದೇ ಆಧಾರ. ಕಚೇರಿಯಲ್ಲಿ ನನ್ನ ಜಾಗಕ್ಕೆ ಬಂದಿದ್ದ ಹುಡುಗಿಗೆ ಸ್ವೀಕೃತಿ ಕೊಡಬಾರದೆಂದು ಹೇಳಿದ್ದರು. ಅವಳ ಮುಖ ನೋಡಿ ಒತ್ತಾಯಿಸಲು ಮನಸ್ಸಾಗಲಿಲ್ಲ. ಅಂಚೆ ಕಚೇರಿಗೆ ನಡೆದು ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ ಕಳಿಸಿದೆ.

ಉತ್ತರ ವಕೀಲರ ಮೂಲಕ ಬಂತು. ಶಿಕ್ಷಣ ಸಂಸ್ಥೆಗಳಿಗೆ ಗ್ರಾಚ್ಯುಟಿ ಅನ್ವಯಿಸುವುದಿಲ್ಲವೆಂದು ಸುಪ್ರೀಂ ಕೋರ್ಟ್ 2004ರಲ್ಲಿ ಹೇಳಿದೆ, ನಂತರದ ತಿದ್ದುಪಡಿಯೂ ಅದೇ ನ್ಯಾಯಾಲಯದಲ್ಲಿ ಪ್ರಶ್ನೆಗೊಳಗಾಗಿದೆ ಎಂದು ಅದರಲ್ಲಿತ್ತು. ಇಂಥ ಕಾಗದ ಕಂಡು ಎಷ್ಟು ಜನ ಕೈಚೆಲ್ಲಿರಬಹುದು! ಹಾಗಾಗಿ ಈ ಭಾಗವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹತ್ತು ಅಥವಾ ಹೆಚ್ಚು ಸಿಬ್ಬಂದಿ ಇರುವ ಶಿಕ್ಷಣ ಸಂಸ್ಥೆಗಳನ್ನು ಕೇಂದ್ರ ಸರ್ಕಾರ 1997ರ ಏಪ್ರಿಲ್ 3ರ ಅಧಿಸೂಚನೆಯಲ್ಲೇ ಈ ಕಾಯ್ದೆಯ ವ್ಯಾಪ್ತಿಗೆ ತಂದಿತ್ತು. 2004ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಶಿಕ್ಷಕರ ಬಗ್ಗೆ. ‘ಉದ್ಯೋಗಿ’ಯ ಅಂದಿನ ವ್ಯಾಖ್ಯೆಯಲ್ಲಿ ಕುಶಲ, ಅರೆಕುಶಲ, ಅಕುಶಲ, ದೈಹಿಕ, ಮೇಲ್ವಿಚಾರಣೆಯ, ತಾಂತ್ರಿಕ, ಗುಮಾಸ್ತಿಕೆಯ ಕೆಲಸಗಳಷ್ಟೇ ಇದ್ದವು, ಬೋಧನೆ ಅವುಗಳಲ್ಲಿ ಯಾವುದರೊಳಗೂ ಬರುವುದಿಲ್ಲ ಎಂದು ನ್ಯಾಯಾಲಯ ತೀರ್ಮಾನಿಸಿತ್ತು. ಆ ತೊಡಕನ್ನು ಬಿಡಿಸಲು ಸಂಸತ್ತು 2009ರಲ್ಲಿ ವ್ಯಾಖ್ಯೆಯನ್ನೇ ತಿದ್ದಿ, 1997ರಿಂದ ಪೂರ್ವಾನ್ವಯವಾಗಿ ಶಿಕ್ಷಕರನ್ನೂ ಸೇರಿಸಿತು. ಆದರೆ ಗುಮಾಸ್ತಿಕೆಯ ಕೆಲಸ ಮೂಲ ವ್ಯಾಖ್ಯೆಯಲ್ಲೇ ಇತ್ತಲ್ಲ! ನಮ್ಮ ಹಕ್ಕಿಗೆ 2004ರ ತೀರ್ಪು ಅಡ್ಡ ಬಂದಿರಲೇ ಇಲ್ಲ. ನಾನು ಅರ್ಜಿ ಹಾಕಿಕೊಂಡಿದ್ದ ಸಮಯದಲ್ಲೇ, 2022ರ ಆಗಸ್ಟ್ 29ರಂದು, ಸುಪ್ರೀಂ ಕೋರ್ಟ್ 2009ರ ತಿದ್ದುಪಡಿಯನ್ನೂ ಎತ್ತಿಹಿಡಿಯಿತು. ಶಿಕ್ಷಕರಿಗೂ ದಾರಿ ನಿಚ್ಚಳವಾಯಿತು. ಮರುದಿನದ ಪತ್ರಿಕೆಯಲ್ಲಿ ಆ ಸುದ್ದಿ ಓದಿ ನಮ್ಮ ಹಳೆಯ ಗಣಿತದ ಮೇಷ್ಟ್ರಿಗೆ ಫೋನ್ ಮಾಡಿದೆ. ಅವರು 2015ರಲ್ಲಿ ಬರಿಗೈಯಲ್ಲಿ ನಿವೃತ್ತರಾಗಿದ್ದವರು.

ಉದ್ಯೋಗದಾತರು ನಿರಾಕರಿಸಿದರೆ ಅಥವಾ ಕಡಿಮೆ ಕೊಟ್ಟರೆ ‘ಎನ್’ ನಮೂನೆಯಲ್ಲಿ ನಿಯಂತ್ರಣ ಪ್ರಾಧಿಕಾರಕ್ಕೆ, ಅಂದರೆ ಗ್ರಾಚ್ಯುಟಿಯ ತಕರಾರನ್ನು ತೀರ್ಮಾನಿಸುವ ಕಾರ್ಮಿಕ ಇಲಾಖೆಯ ಅಧಿಕಾರಿಗೆ, ಅರ್ಜಿ ಹಾಕಬೇಕಿತ್ತು. ಅದಕ್ಕೆ 90 ದಿನಗಳ ಗಡುವಿತ್ತು. ಸಕಾರಣವಿದ್ದರೆ ವಿಳಂಬವನ್ನು ಮನ್ನಿಸಲು ಅವಕಾಶವಿತ್ತು. ಜುಲೈನ ಜಡಿಮಳೆಯಲ್ಲಿ ಮಡಿಕೇರಿಯ ಕಾರ್ಮಿಕ ಇಲಾಖೆಯ ಕಚೇರಿಗೆ ಹೋದೆ. ಅಲ್ಲಿನ ಸಿಬ್ಬಂದಿಯೊಬ್ಬರು ನನ್ನ ಕಾಗದಗಳನ್ನೆಲ್ಲ ಸಮಾಧಾನದಿಂದ ನೋಡಿ, ಯಾವುದರ ಹಿಂದೆ ಯಾವುದನ್ನು ಪೋಣಿಸಬೇಕೆಂದು ತೋರಿಸಿಕೊಟ್ಟರು. ‘ಸೇರಿದ ವರ್ಷಕ್ಕೆ ನಿಮ್ಮ ಬಳಿ ಏನು ಪುರಾವೆ ಇದೆ?’ ಎಂದು ಅವರು ಕೇಳಿದ ಪ್ರಶ್ನೆಯ ಸುತ್ತಲೇ ಮುಂದಿನ ವಿಚಾರಣೆ ಪೂರ್ತಿ ಸುತ್ತಿತು. ನನ್ನ ಬಳಿ 2001ರ ನೇಮಕಾತಿ ಪತ್ರವಿರಲಿಲ್ಲ. ಆಗ ಯಾರಿಗೂ ಕೊಡುತ್ತಿರಲಿಲ್ಲ, ನಾಳೆಯಿಂದ ಬನ್ನಿ ಎಂದರೆ ಅದೇ ನೇಮಕ.

ವಿಚಾರಣೆಗೆ ನಾನು ವಕೀಲರನ್ನಿಡಲಿಲ್ಲ, ಇಡಲೇಬೇಕೆಂಬ ನಿಯಮವೂ ಇಲ್ಲ. ಆಡಳಿತ ಮಂಡಳಿಯವರ ಪರ ಹಿರಿಯ ವಕೀಲರಿದ್ದರು. ಮೊದಲ ಮುದ್ದತ್ತುಗಳು ವಕಾಲತ್ತು, ಆಕ್ಷೇಪಣೆ, ಮತ್ತೊಂದು ಮುದ್ದತ್ತು ಎಂದು ಕಳೆದವು. ಆ ದಿನಗಳಲ್ಲಿ ಹೊರಗಿನ ಒತ್ತಡವೇ ಹೆಚ್ಚು. ಕೊಡಗಿನ ಊರುಗಳಲ್ಲಿ ಯಾರೂ ಯಾರಿಗೂ ಅಪರಿಚಿತರಲ್ಲ. ಸಂತೆಯಲ್ಲಿ, ಮದುವೆ ಮನೆಯಲ್ಲಿ, ಪುತ್ತರಿ ಹಬ್ಬದ ಊಟದಲ್ಲಿ ಮಂಡಳಿಯ ಸದಸ್ಯರು ಎದುರಾಗುತ್ತಾರೆ. ‘ನಮ್ಮ ಮನೆಯವಳಂತೆ ಇದ್ದವರು ಹೀಗೆ ಮಾಡಬಹುದೇ’ ಎಂದು ಒಬ್ಬರು ನನ್ನ ಯಜಮಾನರ ಹತ್ತಿರ ಕೇಳಿದರು. ‘ಮನೆಯವರಾದರೆ ಲೆಕ್ಕ ಸರಿಯಾಗಿಯೇ ಇರಬೇಕಲ್ಲವೇ’ ಎಂದು ಅವರು ಉತ್ತರಿಸಿದರಂತೆ. ಅವರಿಗೆ ನಾನು ಋಣಿ. ಶಾಲೆಯ ಮೇಲೆ ನನಗೆ ದ್ವೇಷವಿಲ್ಲ. ನನ್ನ ಇಬ್ಬರು ಮಕ್ಕಳೂ ಓದಿದ್ದು ಅಲ್ಲಿಯೇ.

ಹಾಜರಿ ಪುಸ್ತಕ, ಬಟವಾಡೆ ಪುಸ್ತಕ ಹಾಜರುಪಡಿಸಿ ಎಂದು ಪ್ರಾಧಿಕಾರ ಕೇಳಿದಾಗ, 2013ಕ್ಕಿಂತ ಹಿಂದಿನ ಎಲ್ಲ ದಾಖಲೆಗಳೂ 2018ರ ನೆರೆಯಲ್ಲಿ ಹಾಳಾದವು ಎಂದು ಶಾಲೆಯವರು ಪ್ರಮಾಣಪತ್ರ (ಅಫಿಡವಿಟ್) ಸಲ್ಲಿಸಿದರು. ಅದನ್ನು ಓದಿ ನನ್ನ ಕೈ ನಡುಗಿತು. 2018ರ ಆಗಸ್ಟ್ ಕೊಡಗಿನಲ್ಲಿ ಯಾರಿಗೆ ಮರೆಯಲು ಸಾಧ್ಯ? ಮಡಿಕೇರಿ, ಸೋಮವಾರಪೇಟೆ ಕಡೆ ಗುಡ್ಡಗಳು ಕುಸಿಯುತ್ತಿದ್ದವು, ಇತ್ತ ಹೊಳೆ ಉಕ್ಕಿ ಶಾಲೆಯ ಆಟದ ಮೈದಾನ ದಾಟಿ ಕಚೇರಿಯ ಮೆಟ್ಟಿಲಿಗೆ ಬಂದಿತ್ತು. ಹಾಜರಿ, ಬಟವಾಡೆ ಪುಸ್ತಕಗಳು ಕೆಳಗಿನ ಕಪಾಟಿನಲ್ಲಿದ್ದು ನೆನೆದುಹೋದದ್ದು ನಿಜ. ಆದರೆ ದಾಖಲಾತಿ ವಹಿಗಳನ್ನೂ ವರ್ಗಾವಣೆ ಪತ್ರದ ಹಳೆಯ ಪುಸ್ತಕಗಳನ್ನೂ ನೀರು ಒಳಗೆ ಬರುವ ಮೊದಲೇ ನಾನು ಮತ್ತು ನಮ್ಮ ಆಯಾ ಸೇರಿ, ಸೀರೆಯ ಸೆರಗಿನಲ್ಲಿ ಸುತ್ತಿ, ಮೇಲಿನ ಪ್ರಯೋಗಾಲಯದ ಬೀರುವಿಗೆ ಸಾಗಿಸಿದ್ದೆವು. ದಾಖಲಾತಿ ವಹಿ ಶಾಶ್ವತ ದಾಖಲೆ. ಅದು ಹೋದರೆ ಓದಿದ ಮಕ್ಕಳ ಗತಿ ಏನು ಎಂಬ ಒಂದೇ ಯೋಚನೆ ಆಗ ಇದ್ದದ್ದು.

ಆ ವಹಿಗಳನ್ನು ತರಿಸಬೇಕೆಂದು ಲಿಖಿತ ಅರ್ಜಿ ಕೊಟ್ಟೆ. ದಾಖಲೆ ತರಿಸುವ, ಸಾಕ್ಷಿಗಳನ್ನು ಕರೆಸಿ ಪ್ರಮಾಣ ಮಾಡಿಸಿ ಕೇಳುವ ವಿಷಯದಲ್ಲಿ ನಿಯಂತ್ರಣ ಪ್ರಾಧಿಕಾರಕ್ಕೆ ಸಿವಿಲ್ ನ್ಯಾಯಾಲಯದ ಅಧಿಕಾರವಿದೆ. ಯಾವ ಬೀರು, ಯಾವ ಅರೆ, ಹೊರಗಿನ ಬಟ್ಟೆಯ ಬಣ್ಣ ಯಾವುದು ಎಂಬುದನ್ನೂ ಬರೆದಿದ್ದೆ. ಆದೇಶವಾಯಿತು. ಎರಡು ಮುದ್ದತ್ತುಗಳ ನಂತರ ಕೆಂಪು ಕ್ಯಾಲಿಕೋ ಹೊದಿಕೆಯ ಆ ಉದ್ದನೆಯ ವಹಿಗಳು ಮೇಜಿನ ಮೇಲೆ ಬಂದು ಕೂತವು.

ತೆರೆದರೆ ಪುಟದಿಂದ ಪುಟಕ್ಕೆ ನನ್ನ ಕೈಬರಹ. ಕ್ರಮಸಂಖ್ಯೆ, ಮಗುವಿನ ಹೆಸರು, ತಂದೆಯ ಹೆಸರು, ಮನೆಮಾತು, ಹುಟ್ಟಿದ ದಿನಾಂಕ ಅಂಕಿಯಲ್ಲಿ, ಅದರ ಕೆಳಗೆ ಅಕ್ಷರದಲ್ಲಿ. ಕೊನೆಯ ಅಂಕಣದಲ್ಲಿ ದಾಖಲಾದ ದಿನಾಂಕ. ಮೇ 2002, ಮೇ 2003, ಮೇ 2004, ಹೀಗೆ 2013ರವರೆಗೂ. ವರ್ಗಾವಣೆ ಪತ್ರದ ಉಳಿಕೆ ಪ್ರತಿಗಳಲ್ಲೂ ಅಷ್ಟೇ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮರುದಿನದಿಂದ ಕಾಲೇಜಿಗೆ ಹೋಗುವ ಮಕ್ಕಳು ಟಿಸಿಗೆ ಸಾಲು ನಿಲ್ಲುತ್ತಾರೆ; ಪ್ರತಿಯೊಂದರ ಕೆಳಗೆ ಮುಖ್ಯೋಪಾಧ್ಯಾಯರ ಸಹಿ, ಎಡಕ್ಕೆ ‘ಸಿದ್ಧಪಡಿಸಿದವರು’ ಎಂಬಲ್ಲಿ ನನ್ನ ಕಿರುಸಹಿ. ಶಾಲೆಯ ಸಂಚಾಲಕರನ್ನು ಪಾಟೀಸವಾಲು ಮಾಡಲು ನನಗೆ ಅವಕಾಶ ಸಿಕ್ಕಿತು. ಮೇ ತಿಂಗಳ ಒಂದು ಪುಟ ತೆರೆದು ಇದು ಯಾರ ಕೈಬರಹ ಎಂದು ಕೇಳಿದೆ. ಕಚೇರಿಯದು ಎಂದರು. ಆ ವರ್ಷ ಕಚೇರಿಯಲ್ಲಿ ಎಷ್ಟು ಜನರಿದ್ದರು ಎಂದೆ. ಒಬ್ಬರು ಎಂದರು. ಅವರು ಯಾರು ಎಂದೆ. ಉತ್ತರ ಹೇಳಲು ತುಸು ಹೊತ್ತು ಹಿಡಿಯಿತು, ಆದರೆ ಸುಳ್ಳು ಹೇಳಲಿಲ್ಲ. ಅದನ್ನು ಅವರ ಪರವಾಗಿ ಇಲ್ಲಿ ದಾಖಲಿಸುತ್ತೇನೆ.

ಸೇವೆ ಕಡಿದಿದೆ ಎಂಬ ವಾದ ಅಲ್ಲಿಗೆ ಬಿದ್ದುಹೋಯಿತು. ಕಾಯ್ದೆಯ ಪ್ರಕಾರ ಹನ್ನೆರಡು ತಿಂಗಳಲ್ಲಿ 240 ದಿನ ಕೆಲಸ ಮಾಡಿದ್ದರೆ ಅದು ಒಂದು ವರ್ಷದ ನಿರಂತರ ಸೇವೆ. ಉದ್ಯೋಗಿಯ ತಪ್ಪಿಲ್ಲದೆ ಕೆಲಸ ನಿಂತ ಅವಧಿಯೂ ಸೇವೆಯನ್ನು ಕಡಿಯುವುದಿಲ್ಲ. ಬೇಸಿಗೆಯಲ್ಲಿ ಸಂಬಳ ಕೊಡದೆ ಕೆಲಸ ಮಾಡಿಸಿಕೊಂಡು, ಆ ಸಂಬಳ ಕೊಡದ್ದನ್ನೇ ಸೇವೆ ಕಡಿದದ್ದಕ್ಕೆ ಸಾಕ್ಷಿಯಾಗಿ ತೋರಿಸುವುದು ನನ್ನ ದೃಷ್ಟಿಯಲ್ಲಿ ಎರಡು ಬಾರಿ ಮಾಡಿದ ಅನ್ಯಾಯ.

ಉಳಿದದ್ದು ಸಂಬಳ ಒಡೆದ ವಿಷಯ. ಇಲ್ಲಿ ಕಾಯ್ದೆ ನನಗೆ ಪೂರ್ತಿ ಅನುಕೂಲವಾಗಿರಲಿಲ್ಲ. ಗ್ರಾಚ್ಯುಟಿಯ ಲೆಕ್ಕಕ್ಕೆ ತುಟ್ಟಿಭತ್ಯೆ ಸೇರುತ್ತಿತ್ತು; ಬೋನಸ್, ಮನೆ ಬಾಡಿಗೆ, ಇತರ ಭತ್ಯೆಗಳು ಸೇರುತ್ತಿರಲಿಲ್ಲ. ಆದ್ದರಿಂದಲೇ ಉದ್ಯೋಗದಾತರು ಮೂಲ ವೇತನವನ್ನು ಕುಗ್ಗಿಸಿ ಭತ್ಯೆಯನ್ನು ಹಿಗ್ಗಿಸುತ್ತಿದ್ದರು. ನಮ್ಮ ಬಟವಾಡೆ ಪುಸ್ತಕದಲ್ಲಿ ನಾನೇ ಗೆರೆ ಎಳೆದು ಮಾಡಿದ ಅಂಕಣಗಳಿದ್ದವು: ಹೆಸರು, ಹುದ್ದೆ, ವೇತನ, ಕಡಿತ, ನಿವ್ವಳ, ರೆವಿನ್ಯೂ ಸ್ಟಾಂಪಿನ ಮೇಲೆ ಸಹಿ. ಭತ್ಯೆ ಎಂಬ ಅಂಕಣವೇ ಇರಲಿಲ್ಲ. ಅದಕ್ಕಿಂತ ಗಟ್ಟಿಯಾದ ಪುರಾವೆ ಭವಿಷ್ಯ ನಿಧಿಯ ಪಾಸ್‌ಬುಕ್‌ನಿಂದ ಸಿಕ್ಕಿತು. ಪಶ್ಚಿಮ ಬಂಗಾಳದ ಒಂದು ಅನುದಾನರಹಿತ ಶಾಲೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2019ರ ಫೆಬ್ರುವರಿ 28ರಂದು, ಬೋಧಕ ಮತ್ತು ಬೋಧಕೇತರ ಸಿಬ್ಬಂದಿಗೆ ಕೊಡುತ್ತಿದ್ದ ವಿಶೇಷ ಭತ್ಯೆಯೂ ಭವಿಷ್ಯ ನಿಧಿಯ ಮಟ್ಟಿಗೆ ಮೂಲ ವೇತನದ ಭಾಗವೇ ಎಂದು ಹೇಳಿತ್ತು. ಆ ತೀರ್ಪಿನ ನಂತರ ನಮ್ಮ ಶಾಲೆ ನನ್ನ ಪೂರ್ತಿ ಸಂಬಳದ ಮೇಲೆ ವಂತಿಗೆ ಕಟ್ಟುತ್ತಾ ಬಂದಿತ್ತು. ಪಾಸ್‌ಬುಕ್‌ನಲ್ಲಿ ಕೊನೆಯ ತಿಂಗಳ ವೇತನದ ಎದುರು 13,000 ಎಂದೇ ಇತ್ತು. ಭವಿಷ್ಯ ನಿಧಿ ಕಚೇರಿಗೆ 13,000, ನನಗೆ 5,200 ಎಂದು ಹೇಳಲು ಬರುವುದಿಲ್ಲ ಎಂದು ವಾದಿಸಿದೆ. ಪ್ರಾಧಿಕಾರ ಒಪ್ಪಿತು.

ಹತ್ತು ಜನ ಸಿಬ್ಬಂದಿ ಇರಲಿಲ್ಲ ಎಂಬ ಕೊನೆಯ ತಕರಾರಿಗೆ ಯು-ಡೈಸ್ ನಮೂನೆ ಉತ್ತರ ಹೇಳಿತು. ಶಿಕ್ಷಕರ ಸಂಖ್ಯೆ, ಬೋಧಕೇತರರ ಸಂಖ್ಯೆ ಪ್ರತಿ ವರ್ಷ ಅದರಲ್ಲಿ ಹೋಗುತ್ತದೆ, ಮುಖ್ಯೋಪಾಧ್ಯಾಯರ ಸಹಿಯೂ ಇರುತ್ತದೆ.

ಆದೇಶ 1,57,500 ರೂಪಾಯಿಗೆ ಆಯಿತು. ಪಾವತಿಸಬೇಕಾಗಿದ್ದ ದಿನದಿಂದ ಶೇ 10ರ ಸರಳ ಬಡ್ಡಿ ಸೇರಿಸಿ ಕೊಡಬೇಕೆಂದಿತ್ತು. ಮೇಲ್ಮನವಿಗೆ 60 ದಿನ ಅವಕಾಶವಿದ್ದರೂ ಉದ್ಯೋಗದಾತರು ಆದೇಶದ ಮೊತ್ತವನ್ನು ಮೊದಲು ಠೇವಣಿ ಇಡಬೇಕಿತ್ತು. ಅವರು ಮೇಲ್ಮನವಿ ಹೋಗಲಿಲ್ಲ. ಹಣ ಬ್ಯಾಂಕ್ ಖಾತೆಗೆ ಬಂತು. ಕೊಡದೇ ಹೋಗಿದ್ದರೆ ಭೂಕಂದಾಯ ಬಾಕಿಯಂತೆ ಜಿಲ್ಲಾಧಿಕಾರಿಗಳ ಮೂಲಕ ವಸೂಲಿ ಮಾಡಿಸುವ ದಾರಿಯೂ ಕಾಯ್ದೆಯಲ್ಲಿತ್ತು.

ಹಣ ಬಂದ ದಿನ ಸಂತೋಷವಾದದ್ದು ನಿಜ. ಆದರೆ ಆ ಮೊತ್ತವನ್ನು ನೋಡಿದಾಗಲೆಲ್ಲ ನನಗೆ ಮೂಲದ 13,000 ಕಣ್ಣಿಗೆ ಬೀಳುತ್ತದೆ. ತಿಂಗಳ ಸಂಬಳ ಕಡಿಮೆಯಿದ್ದರೆ ಭವಿಷ್ಯ ನಿಧಿಯೂ ಪಿಂಚಣಿಯೂ ಗ್ರಾಚ್ಯುಟಿಯೂ ಕಡಿಮೆಯೇ. ಯೌವನದಲ್ಲಿ ಕೊಡದ ಸಂಬಳ ಮುಪ್ಪಿನಲ್ಲಿ ಮತ್ತೆ ಮತ್ತೆ ಕಡಿತವಾಗುತ್ತದೆ. ಖಾಸಗಿ ಶಾಲೆಗಳ ಶುಲ್ಕದ ಬಗ್ಗೆ ಸಭೆಗಳಾಗುತ್ತವೆ, ಶಿಕ್ಷಕರ ಸಂಬಳದ ಬಗ್ಗೆಯೂ ಅಪರೂಪಕ್ಕೆ ಮಾತು ಬರುತ್ತದೆ. ಗುಮಾಸ್ತೆ, ಜವಾನ, ಆಯಾ, ರಾತ್ರಿ ಕಾವಲುಗಾರರ ಸಂಬಳ ಯಾವ ಪೋಷಕರ ಸಭೆಯಲ್ಲೂ ಚರ್ಚೆಗೆ ಬಂದದ್ದನ್ನು ನಾನು ಕಂಡಿಲ್ಲ. ಆ ಸಭೆಗಳ ನಡವಳಿಯನ್ನು ಬರೆಯುತ್ತಿದ್ದವಳು ನಾನೇ.

ಈಗ ಕಾನೂನು ಸ್ವಲ್ಪ ಬದಲಾಗಿದೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದು 1972ರ ಕಾಯ್ದೆಯ ಜಾಗ ತೆಗೆದುಕೊಂಡ ಕಾರ್ಮಿಕ ಸಂಹಿತೆಗಳಲ್ಲಿ, ಹೊರಗಿಟ್ಟ ಭತ್ಯೆಗಳು ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದರೆ ಮೀರಿದ ಭಾಗ ವೇತನಕ್ಕೇ ಸೇರುತ್ತದೆ. 13,000ದಲ್ಲಿ 7,800ನ್ನು ಭತ್ಯೆಯೆಂದು ಪಕ್ಕಕ್ಕಿಟ್ಟರೂ ಲೆಕ್ಕಕ್ಕೆ 6,500 ಹಿಡಿಯಲೇಬೇಕು. ನಿಗದಿತ ಅವಧಿಯ ನೇಮಕದವರಿಗೆ ಐದು ವರ್ಷ ಕಾಯದೆ ಒಂದು ವರ್ಷದ ಸೇವೆಗೂ ಗ್ರಾಚ್ಯುಟಿ ಸಿಗುತ್ತದೆ. ವರ್ಷವರ್ಷವೂ ಹೊಸ ಪತ್ರ ಕೊಡುವ ಶಾಲೆಗಳ ಸಿಬ್ಬಂದಿ ಇದನ್ನು ತಿಳಿದಿರಬೇಕು.

ನನ್ನ ಜೊತೆ ವಹಿಗಳನ್ನು ಹೊತ್ತ ಆಯಾ 2024ರಲ್ಲಿ ನಿವೃತ್ತರಾದರು. ಅವರಿಗೂ ಅದೇ ಬಗೆಯ ಹಾಳೆ, ಇನ್ನೂ ಸಣ್ಣ ಮೊತ್ತದ ಚೆಕ್. ಅವರ ಎನ್ ನಮೂನೆಯನ್ನು ನಾನೇ ತುಂಬಿಕೊಟ್ಟೆ. ಅವರ ಕಷ್ಟ ನನ್ನದಕ್ಕಿಂತ ದೊಡ್ಡದು, ಏಕೆಂದರೆ ಶಾಲೆಯ ಯಾವ ಪುಸ್ತಕದಲ್ಲೂ ಅವರ ಕೈಬರಹವಿಲ್ಲ. ಮೊದಲ ವರ್ಷಗಳ ಸಂಬಳ ಬರಿಯ ಚೀಟಿಯ ಮೇಲೆ ಆಗಿದೆ. ಹಳೆಯ ವಿದ್ಯಾರ್ಥಿಗಳನ್ನು ಹುಡುಕಿ ಹತ್ತನೆಯ ತರಗತಿಯ ಬೀಳ್ಕೊಡುಗೆಯ ಗುಂಪು ಛಾಯಾಚಿತ್ರಗಳನ್ನು ತರಿಸಿಕೊಂಡೆವು. ಮುಂದಿನ ಸಾಲಿನ ಮಕ್ಕಳ ಕೈಯಲ್ಲಿ ವರ್ಷ ಬರೆದ ಕಪ್ಪುಹಲಗೆ, ಹಿಂದಿನ ಸಾಲಿನ ಅಂಚಿನಲ್ಲಿ ನೀಲಿ ಸೀರೆಯ ಆಯಾ. ಸಾಲಾಗಿ ಹತ್ತೊಂಬತ್ತು ವರ್ಷದ ಚಿತ್ರಗಳು ಸಿಕ್ಕಿವೆ. ಛಾಯಾಚಿತ್ರ ಸೇವೆಗೆ ಪುರಾವೆಯಲ್ಲ ಎಂದು ಎದುರು ವಕೀಲರು ಆಕ್ಷೇಪಿಸಿದ್ದಾರೆ. ಆ ಚಿತ್ರಗಳಲ್ಲಿರುವ ಇಬ್ಬರು ನಿವೃತ್ತ ಶಿಕ್ಷಕಿಯರು ಸಾಕ್ಷಿ ಹೇಳಲು ಒಪ್ಪಿದ್ದಾರೆ. ಅವರ ಪ್ರಮಾಣಪತ್ರಗಳನ್ನು ಸಿದ್ಧಪಡಿಸಿ ಸಲ್ಲಿಸಿದ್ದೇನೆ, ಮುಂದಿನ ಮುದ್ದತ್ತಿಗೆ ಅವರ ವಿಚಾರಣೆ ಇದೆ.